ಬೋರ್ನಿಯೋ ಕಾಡಿಗೆ ಹೋಗುವುದಾದರೆ: ದೋಣಿಯಾ, ಕಾಲುದಾರಿಯಾ, ಅಟ್ಟಣಿಗೆಯಾ?

ಬೋರ್ನಿಯೋಗೆ ಹೋಗಿ ಬಂದೆ ಅಂದ ತಕ್ಷಣ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ, "ಹುಲಿ ಸಿಕ್ತಾ?" ಸಿಗಲಿಲ್ಲ. ಸಿಗುವುದೂ ಇಲ್ಲ, ಆ ದ್ವೀಪದಲ್ಲಿ ಹುಲಿಯೇ ಇಲ್ಲ. ಅಲ್ಲಿನ ಅತಿ ದೊಡ್ಡ ಬೆಕ್ಕು ಅಂದರೆ ಮೋಡ ಚಿರತೆ. ಅದು ನಮ್ಮ ಚಿರತೆಗಿಂತ ಎಷ್ಟೋ ಚಿಕ್ಕದು, ಓಡಾಡುವುದು ಹೆಚ್ಚಾಗಿ ರಾತ್ರಿ, ಗೈಡುಗಳು ಕೂಡ ಅದನ್ನು ಕಂಡ ದಿನವನ್ನು ಮದುವೆ ದಿನದ ಹಾಗೆ ನೆನಪಿಟ್ಟುಕೊಂಡಿರುತ್ತಾರೆ. ಕಬಿನಿಯಲ್ಲಿ ಜೀಪ್ ಹತ್ತಿ ಮೂರು ಗಂಟೆ ಸುತ್ತಿ, ಆನೆ ಇಷ್ಟು, ಕಾಟಿ ಇಷ್ಟು ಅಂತ ಎಣಿಸಿಕೊಂಡು ಬರುವ ಅಭ್ಯಾಸ ಇದ್ದವರು ಅದೇ ಲೆಕ್ಕ ಇಟ್ಟುಕೊಂಡು ಹೋದರೆ ನಿರಾಸೆ ಆಗುತ್ತದೆ. ನನಗೂ ಆಗಿತ್ತು.

ಎರಡು ಸಲ ಹೋಗಿದ್ದೇನೆ. ಮೊದಲ ಸಲ ಅಮ್ಮ ಮತ್ತು ಹೆಂಡತಿ ಜೊತೆ, ಎರಡನೇ ಸಲ ಹಕ್ಕಿ ಹುಚ್ಚಿನ ಗೆಳೆಯನ ಜೊತೆ. ಮೊದಲ ಸಲ ಎಂಟು ದಿನಕ್ಕೆ ಐದು ಜಾಗ ತುರುಕಿದ್ದೆ. ಅಷ್ಟು ದುಡ್ಡು ಕೊಟ್ಟು ಹೋಗುತ್ತೇವೆ, ಎಲ್ಲ ನೋಡಿಬಿಡೋಣ ಅಂತ. ಕೊನೆಗೆ ಅರ್ಧ ರಜೆ ವ್ಯಾನಿನಲ್ಲೇ ಕಳೆಯಿತು, ಕಿಟಕಿಯಾಚೆ ಗಂಟೆಗಟ್ಟಲೆ ಬರೀ ತಾಳೆ ಎಣ್ಣೆ ತೋಟ, ಒಂದೇ ಎತ್ತರ, ಒಂದೇ ಸಾಲು. ಅಮ್ಮ ಎರಡನೇ ದಿನವೇ ಕೇಳಿದರು, "ಕಾಡು ಅಂದಿದ್ಯಲ್ಲೋ, ಎಲ್ಲಿ?"

ಎರಡನೇ ಸಲಕ್ಕೆ ಬುದ್ಧಿ ಬಂದಿತ್ತು. ಅಲ್ಲಿ ಆರಿಸಬೇಕಾದ್ದು ಯಾವ ಪ್ರಾಣಿ ಅಂತಲ್ಲ, ಹೇಗೆ ನೋಡಬೇಕು ಅಂತ. ದಾರಿ ಇರುವುದು ಮೂರೇ. ಒರಾಂಗುಟಾನ್ ಅನ್ನುವ ದೊಡ್ಡ ಕೆಂಪು ವಾನರಗಳ ಪುನರ್ವಸತಿ ಕೇಂದ್ರದಲ್ಲಿ, ಹಣ್ಣು ಇಡುವ ಅಟ್ಟಣಿಗೆಯ ಎದುರು ನಿಂತು ನೋಡುವುದು, ನದಿಯಲ್ಲಿ ದೋಣಿಯಿಂದ ನೋಡುವುದು, ಕಾಡೊಳಗೆ ನಡೆದು ನೋಡುವುದು. ಇದರಲ್ಲಿ ಒಂದು ತಲೆಕೆಳಗಾದ ಲೆಕ್ಕ ಇದೆ, ಅದು ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ: ಕಾಡು ಒಳ್ಳೆಯದಾದಷ್ಟೂ ಕಾಣುವುದು ಕಮ್ಮಿ. ಕೈ ಹಾಕದ ಕಾಡಿನಲ್ಲಿ ಮರಗಳು ಐವತ್ತು ಅರವತ್ತು ಮೀಟರ್ ಹೋಗಿರುತ್ತವೆ, ಜೀವನವೆಲ್ಲ ಮೇಲೆ ನಡೆಯುತ್ತದೆ, ಕೆಳಗೆ ನೀವು ಕತ್ತು ನೋಯಿಸಿಕೊಂಡು ನಿಂತಿರುತ್ತೀರಿ. ಕಾಡು ಕಡಿದು ಸಣ್ಣ ಪಟ್ಟಿ ಉಳಿದ ಕಡೆ ಪ್ರಾಣಿಗಳಿಗೆ ಹೋಗಲು ಬೇರೆ ಜಾಗ ಇಲ್ಲ, ಆದ್ದರಿಂದ ಬೇಗ ಸಿಗುತ್ತವೆ. ಕೇಳಲು ಬೇಜಾರು, ಆದರೆ ಹಾಗೇ ಇದೆ.

ಮೊದಲು ನಕ್ಷೆ

ಬೋರ್ನಿಯೋ ಜಗತ್ತಿನ ಮೂರನೇ ದೊಡ್ಡ ದ್ವೀಪ, ಕರ್ನಾಟಕದ ಹತ್ತಿರ ಹತ್ತಿರ ನಾಲ್ಕು ಪಟ್ಟು. "ಬೋರ್ನಿಯೋ ಟೂರ್" ಅನ್ನುವ ಮಾತಿಗೆ ಹಾಗಾಗಿ ಅರ್ಥವೇ ಇಲ್ಲ. ಉತ್ತರದಲ್ಲಿ ಮಲೇಷ್ಯಾದ ಎರಡು ರಾಜ್ಯ, ಸಬಾ ಮತ್ತು ಸರವಾಕ್. ನಡುವೆ ಪುಟ್ಟ ಬ್ರೂನೈ. ಉಳಿದದ್ದೆಲ್ಲ ಇಂಡೋನೇಷ್ಯಾದ ಕಾಲಿಮಂತನ್. ಪ್ರಾಣಿಗಳನ್ನೇ ನೋಡಬೇಕು ಅಂತ ಹೊರಟವರಿಗೆ ಸಬಾದ ಪೂರ್ವ ಭಾಗ ಮೊದಲ ಆಯ್ಕೆ. ಸೆಪಿಲೋಕ್, ಕಿನಬತಾಂಗನ್ ನದಿ, ದಾನುಮ್ ಕಣಿವೆ ಮೂರೂ ಅಲ್ಲೇ ಇವೆ, ಒಂದರಿಂದ ಒಂದಕ್ಕೆ ರಸ್ತೆಯಲ್ಲೇ ಹೋಗಬಹುದು.

ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ನೇರ ವಿಮಾನ ಇದೆ, ನಾಲ್ಕು ಗಂಟೆ ಚಿಲ್ಲರೆ. ಅಲ್ಲಿಂದ ಎಲ್ಲರೂ ಸಬಾದ ರಾಜಧಾನಿ ಕೋಟ ಕಿನಬಾಲುಗೆ ಟಿಕೆಟ್ ಮಾಡುತ್ತಾರೆ, ನಾನೂ ಮಾಡಿದ್ದೆ. ಆದರೆ ಅದು ಪಶ್ಚಿಮ ತೀರ. ಪ್ರಾಣಿ ಇರುವುದು ಪೂರ್ವದಲ್ಲಿ, ಬಸ್ಸಿನಲ್ಲಿ ಆರು ಗಂಟೆ ದೂರ. ಕ್ವಾಲಾಲಂಪುರದಿಂದ ಪೂರ್ವ ತೀರದ ಊರು ಸಂಡಾಕನ್‌ಗೇ ನೇರ ವಿಮಾನ ಸಿಗುತ್ತದೆ, ಅದನ್ನು ಹಿಡಿದರೆ ಒಂದು ದಿನ ಉಳಿಯುತ್ತದೆ. 4,095 ಮೀಟರಿನ ಕಿನಬಾಲು ಬೆಟ್ಟ ಹತ್ತುವ ಆಸೆ ಇದ್ದರೆ ಮಾತ್ರ ಪಶ್ಚಿಮಕ್ಕೆ ಹೋಗಿ.

ಸೆಪಿಲೋಕ್: ಖಾತ್ರಿ ಬೇಕಾದವರಿಗೆ

ಸಂಡಾಕನ್ ಊರಿನಿಂದ ಅರ್ಧ ಗಂಟೆ ದೂರದಲ್ಲಿ ಒರಾಂಗುಟಾನ್‌ಗಳ ಪುನರ್ವಸತಿ ಕೇಂದ್ರ ಇದೆ, 1964ರಿಂದ ನಡೆಯುತ್ತಿದೆ. ತಾಯಿ ಸತ್ತ ಮರಿಗಳು, ಮನೆಯಲ್ಲಿ ಕಟ್ಟಿ ಸಾಕಿದ್ದ ಮರಿಗಳು, ಕಾಡು ಕಡಿಯುವಾಗ ಸಿಕ್ಕಿದವು ಇಲ್ಲಿಗೆ ಬರುತ್ತವೆ. ಮರ ಹತ್ತುವುದನ್ನು, ಗೂಡು ಕಟ್ಟುವುದನ್ನು ಕಲಿಸಿ ಪಕ್ಕದ ಸುಮಾರು 43 ಚದರ ಕಿಲೋಮೀಟರ್ ಕಾಡಿಗೆ ಬಿಡುತ್ತಾರೆ. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಅಟ್ಟಣಿಗೆಯ ಮೇಲೆ ಹಣ್ಣು ಇಡುತ್ತಾರೆ. ಹಗ್ಗ ಅಲ್ಲಾಡಲು ಶುರುವಾದರೆ ಯಾರೋ ಬರುತ್ತಿದ್ದಾರೆ ಅಂತ ಅರ್ಥ.

ಬರದೇ ಇರಬಹುದು. ಕಾಡಿನಲ್ಲಿ ಹಣ್ಣು ಜಾಸ್ತಿ ಇರುವ ತಿಂಗಳುಗಳಲ್ಲಿ ಅಟ್ಟಣಿಗೆ ಖಾಲಿ ಹೊಡೆಯುವುದುಂಟು. ಆಗ ಜನ ಗೊಣಗುತ್ತಾರೆ. ನಿಜವಾಗಿ ನೋಡಿದರೆ ಆ ಕೇಂದ್ರ ಇರುವುದೇ ಅದಕ್ಕೆ ಅಲ್ವಾ? ಅವು ಊಟಕ್ಕೆ ಬರದಿದ್ದರೆ ಕಲಿತವು ಅಂತ ತಾನೇ.

"ಅಯ್ಯೋ, ಅದು ಝೂ ಇದ್ದ ಹಾಗೆ" ಅಂತ ಮೂಗು ಮುರಿಯುವವರಿದ್ದಾರೆ. ನಾನೂ ಅವರಲ್ಲೊಬ್ಬನಾಗಿದ್ದೆ. ಈಗ ಹಾಗೆ ಹೇಳುವುದಿಲ್ಲ. ನಮ್ಮ ಅಮ್ಮನಿಗೆ ಆಗ ಅರವತ್ತೆಂಟು, ಮಂಡಿ ನೋವು. ಅಲ್ಲಿ ಹಲಗೆಯ ದಾರಿ ಇದೆ, ಹತ್ತು ಹದಿನೈದು ನಿಮಿಷದ ನಡಿಗೆ. ಒಂದು ತಾಯಿ ಒರಾಂಗುಟಾನ್ ಮರಿಯನ್ನು ಸೊಂಟಕ್ಕೆ ಅಂಟಿಸಿಕೊಂಡು ಬಂದು, ಬಾಳೆಹಣ್ಣಿನ ಸಿಪ್ಪೆಯನ್ನು ತುಟಿಯಿಂದಲೇ ಸುಲಿದು, ಅರ್ಧ ತಾನು ತಿಂದು ಅರ್ಧ ಕೈಯಲ್ಲಿ ಹಿಡಿದುಕೊಂಡು ಕೂತಿತು. ಮರಿ ಆ ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಣ್ಣು ಕಿತ್ತುಕೊಂಡಿತು. ಅಮ್ಮ ಪೂರ್ತಿ ಒಂದು ಗಂಟೆ ಮಾತಾಡಲಿಲ್ಲ. ಮಲಯ ಭಾಷೆಯಲ್ಲಿ ಒರಾಂಗ್ ಅಂದರೆ ಮನುಷ್ಯ, ಹುತಾನ್ ಅಂದರೆ ಕಾಡು ಅಂತ ಹೇಳಿದಾಗ, "ಸರಿಯಾಗೇ ಇಟ್ಟಿದಾರೆ ಹೆಸರು" ಅಂದರು. ದಾನುಮ್‌ನಲ್ಲಿ ಇಂಥದ್ದು ಹತ್ತು ದಿನ ಕಾದರೂ ಇಷ್ಟು ಹತ್ತಿರದಿಂದ ಸಿಗುವುದಿಲ್ಲ.

ಪಕ್ಕದಲ್ಲೇ ಸನ್ ಬೇರ್ ಕರಡಿಗಳ ಕೇಂದ್ರ ಇದೆ, ರಸ್ತೆ ದಾಟಿದರೆ ಸಾಕು. ಜಗತ್ತಿನ ಅತಿ ಚಿಕ್ಕ ಕರಡಿ ಜಾತಿ, ಎದೆಯ ಮೇಲೆ ಹಳದಿ ಪಟ್ಟಿ, ಒಂದೊಂದು ಕರಡಿಗೆ ಒಂದೊಂದು ಥರ. ಕಾಡಿನಲ್ಲಿ ಇವು ಕಾಣುವುದು ಬಹಳ ಅಪರೂಪ, ಆದ್ದರಿಂದ ಇಲ್ಲೇ ನೋಡಿಕೊಳ್ಳಿ. ಸ್ವಲ್ಪ ದೂರದಲ್ಲಿ ರೇನ್‌ಫಾರೆಸ್ಟ್ ಡಿಸ್ಕವರಿ ಸೆಂಟರ್ ಅಂತ ಒಂದಿದೆ, ಮರಗಳ ತಲೆಯ ಮಟ್ಟದಲ್ಲಿ ಉಕ್ಕಿನ ಸೇತುವೆ. ಟೂರಿನವರು ಇದನ್ನು ಹೇಳುವುದೇ ಕಡಿಮೆ. ಸಂಜೆ ಕತ್ತಲಾಗುವ ಹೊತ್ತಿಗೆ ಅಲ್ಲಿ ನಿಂತರೆ ಕೆಂಪು ಹಾರುಬೆಕ್ಕುಗಳು ಪೊಟರೆಯಿಂದ ಹೊರಬಂದು, ಮರದ ತುದಿ ಹತ್ತಿ, ಟವೆಲ್ ಬಿಸಾಡಿದ ಹಾಗೆ ಗಾಳಿಯಲ್ಲಿ ತೇಲಿ ಹೋಗುತ್ತವೆ. ಮಲೆನಾಡಿನಲ್ಲಿ ಹುಟ್ಟಿದ ನಾನು ಹಾರುಬೆಕ್ಕು ಹಾರುವುದನ್ನು ಮೊದಲು ಸರಿಯಾಗಿ ನೋಡಿದ್ದು ಬೋರ್ನಿಯೋದಲ್ಲಿ, ಹೇಳಿಕೊಳ್ಳಲು ನಾಚಿಕೆ.

ಸೆಪಿಲೋಕ್‌ಗೆ ಒಂದು ರಾತ್ರಿ ಸಾಕು. ಎರಡು ಮಾಡಬೇಡಿ.

ಕಿನಬತಾಂಗನ್: ಕೂತಲ್ಲೇ ಕಾಡು

ಮೊದಲ ಸಲ ಹೋಗುವವರಿಗೆ, ಒಂದೇ ಜಾಗ ಹೇಳು ಅಂದರೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. 560 ಕಿಲೋಮೀಟರ್ ಉದ್ದದ, ಸಬಾದ ಅತಿ ಉದ್ದದ ನದಿ. ಚಹಾದ ಬಣ್ಣದ ನೀರು, ಹಾಲು ಜಾಸ್ತಿ ಹಾಕಿದ ಚಹಾ. ಕೆಳಗಿನ ಭಾಗದ ದಡಗಳನ್ನು 2005ರಲ್ಲಿ ಅಭಯಾರಣ್ಯ ಮಾಡಿದ್ದಾರೆ, ಆದರೆ ಅದು ಒಂದೇ ಕಾಡಲ್ಲ, ನದಿಗುಂಟ ತುಂಡು ತುಂಡಾದ ಪಟ್ಟಿ. ಪಟ್ಟಿಯ ಹಿಂದೆ ತಾಳೆ ತೋಟ. ನಾನು ಮೇಲೆ ಹೇಳಿದ ತಲೆಕೆಳಗಾದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಪ್ರಾಣಿಗಳು ಒತ್ತಿಕೊಂಡು ದಡಕ್ಕೆ ಬಂದಿವೆ, ನೀವು ದೋಣಿಯಲ್ಲಿ ಕೂತು ನೋಡುತ್ತೀರಿ. ಮೊದಲು ಮರಗಳ ಕೊಂಬೆ ಹಿಡಿದು ಉಪನದಿ ದಾಟುತ್ತಿದ್ದ ಒರಾಂಗುಟಾನ್‌ಗಳಿಗೆ ಈಗ ಎರಡು ದಡದ ಕೊಂಬೆಗಳು ಸೇರುವುದಿಲ್ಲ, ಅದಕ್ಕೆ ಹಗ್ಗದ ಸೇತುವೆ ಕಟ್ಟಿದ್ದಾರೆ. ದೋಣಿ ಅದರ ಕೆಳಗೆ ಹೋಗುವಾಗ ಗೈಡು ತೋರಿಸುತ್ತಾನೆ, ಜನ ಫೋಟೋ ತೆಗೆಯುತ್ತಾರೆ. ನನಗೆ ತೆಗೆಯಲು ಮನಸ್ಸಾಗಲಿಲ್ಲ.

ಇಲ್ಲಿಯ ನಾಯಕ ಉದ್ದ ಮೂಗಿನ ಕೋತಿ. ಬೋರ್ನಿಯೋ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ದಿನವೆಲ್ಲ ಒಳಗೆ ಎಲೆ ತಿಂದು, ಸಂಜೆಗೆ ಮಲಗಲು ನದಿ ಅಂಚಿನ ಮರಕ್ಕೇ ಬರುತ್ತವೆ. ಹಾಗಾಗಿ ನಾಲ್ಕು ಗಂಟೆಯ ದೋಣಿಗೆ ಇವು ಸಿಗದೇ ಇರುವುದು ಕಷ್ಟ. ಗಂಡಿನ ಮೂಗು ಬಾಯಿಯ ಮೇಲೆ ಜೋತು ಬಿದ್ದಿರುತ್ತದೆ, ಹೊಟ್ಟೆ ಮದುವೆ ಊಟ ಮುಗಿಸಿದ ಮಾವನ ಹಾಗೆ ಮುಂದೆ, ಬಾಲ ಬಿಳಿ ಹಗ್ಗ. ಕೊಂಬೆ ಮೇಲೆ ಕಾಲು ಇಳಿಬಿಟ್ಟು ಕೂತು, ಹಳೇ ಸ್ಕೂಟರ್ ಹಾರ್ನ್ ಒತ್ತಿದ ಹಾಗೆ ಮೂಗಿನಲ್ಲಿ ಸದ್ದು ಮಾಡುತ್ತದೆ. ಇದಕ್ಕೆ ಅಲ್ಲಿಯವರು ಇಟ್ಟ ಅಡ್ಡಹೆಸರು ಒರಾಂಗ್ ಬೆಲಾಂಡ, ಅಂದರೆ ಡಚ್ಚರವನು. ಆಳಲು ಬಂದವರ ಮೂಗು ನೋಡಿ ಇಟ್ಟದ್ದು.

ಮಂಗಟ್ಟೆ ಹಕ್ಕಿಗಳಲ್ಲಿ ಎಂಟು ಜಾತಿ ಇಲ್ಲಿವೆ. ದಾಂಡೇಲಿಯಲ್ಲಿ ನಾಲ್ಕು ಜಾತಿಗೆ ಕುಣಿಯುವವರಿಗೆ ಇದು ಹಬ್ಬ. ಮೊಸಳೆ, ಉಡ, ಹೆಬ್ಬಾವು, ಮಿಂಚುಳ್ಳಿ ಧಾರಾಳ. ಆನೆ ಅದೃಷ್ಟ ಇದ್ದರೆ. ಬೋರ್ನಿಯೋದ ಆನೆ ನಮ್ಮದಕ್ಕಿಂತ ಚಿಕ್ಕದು, ಮುಖದಲ್ಲಿ ಮರಿಯ ಕಳೆ ಹೋಗಿಯೇ ಇರುವುದಿಲ್ಲ, ಇಡೀ ದ್ವೀಪದಲ್ಲಿ ಉಳಿದಿರುವುದು ಸುಮಾರು ಸಾವಿರ ಅಂತ ಅಂದಾಜು. ಆದರೂ ಆನೆಗಾಗಿಯೇ ಹೋಗಬೇಡಿ. ಕಬಿನಿ ಇರುವ ರಾಜ್ಯದವರು ನಾವು.

ಎಲ್ಲಿ ಉಳಿಯಬೇಕು ಅನ್ನುವುದು ಮುಖ್ಯ. ಸುಕಾವ್ ಹಳ್ಳಿಯ ಸುತ್ತ ಲಾಡ್ಜ್‌ಗಳು ಜಾಸ್ತಿ, ದೋಣಿಗಳೂ ಜಾಸ್ತಿ. ಅಲ್ಲಿಯ ಮೆನಂಗುಲ್ ಅನ್ನುವ ಸಣ್ಣ ಉಪನದಿಗೆ ಸಂಜೆ ಎಲ್ಲರೂ ನುಗ್ಗುತ್ತಾರೆ. ಒಂದು ಒರಾಂಗುಟಾನ್ ಕಂಡರೆ ಹತ್ತು ದೋಣಿ ಸೇರಿ ಟ್ರಾಫಿಕ್ ಜಾಮ್, ಸಿಲ್ಕ್ ಬೋರ್ಡ್ ನೆನಪಾಯಿತು. ಬಿಲಿತ್ ಹಳ್ಳಿ ಕಡೆ ಸ್ವಲ್ಪ ವಾಸಿ. ಬಾತು ಪುತೆ ಹಳ್ಳಿಯಲ್ಲಿ ಊರಿನವರೇ ಸಹಕಾರ ಸಂಘ ಕಟ್ಟಿಕೊಂಡು ಮನೆಗಳಲ್ಲಿ ಉಳಿಸಿಕೊಳ್ಳುತ್ತಾರೆ, ಸರೋವರದ ಪಕ್ಕ ಕ್ಯಾಂಪೂ ಇದೆ. ಹಾಸಿಗೆ ತೆಳು, ಬಚ್ಚಲು ಸಾಧಾರಣ, ಆದರೆ ನದಿಯ ಜನರ ಮನೆಯಲ್ಲಿ ನೆಲದ ಮೇಲೆ ಕೂತು ಉಣ್ಣುತ್ತೀರಿ, ನಿಮ್ಮ ದುಡ್ಡು ಆ ಊರಿನಲ್ಲೇ ಉಳಿಯುತ್ತದೆ. ಎರಡನೇ ಸಲ ಅಲ್ಲೇ ಇದ್ದೆ. ಅಮ್ಮ ಜೊತೆ ಇದ್ದರೆ ಸುಕಾವ್, ಗೆಳೆಯರಾದರೆ ಬಾತು ಪುತೆ, ಇದು ನನ್ನ ತೀರ್ಮಾನ.

ಇನ್ನೊಂದು ಮಾತು, ದಯವಿಟ್ಟು ಎರಡು ರಾತ್ರಿ ಇರಿ. ಮೊದಲ ಸಲ ಟೂರಿನವರೊಬ್ಬರು ನಮಗೆ ಒಂದೇ ರಾತ್ರಿ ಮಾಡಿಕೊಟ್ಟಿದ್ದರು. ಮೂರೂವರೆಗೆ ತಲುಪಿದೆವು, ನಾಲ್ಕಕ್ಕೆ ಮಳೆ ಹಿಡಿಯಿತು, ಸಾಮಾನ್ಯ ಮಳೆಯಲ್ಲ, ಎದುರಿನ ದಡ ಕಾಣದಂಥದ್ದು. ಪ್ಲಾಸ್ಟಿಕ್ ಕೋಟು ಹೊದ್ದು ಒಂದು ಗಂಟೆ ದೋಣಿಯಲ್ಲಿ ನೆನೆದು ಬಂದೆವು. ಬೆಳಿಗ್ಗೆ ಆರಕ್ಕೆ ಮಂಜು. ಮಂಜು ಕರಗಿ ಮಂಗಟ್ಟೆಗಳು ಹಾರಲು ಶುರು ಮಾಡುವಷ್ಟರಲ್ಲಿ, "ತಿಂಡಿ ತಿನ್ನಿ, ವ್ಯಾನ್ ಬಂದಿದೆ." ಎರಡು ರಾತ್ರಿ ಇದ್ದರೆ ನಾಲ್ಕು ಸಲ ದೋಣಿ ಹತ್ತುತ್ತೀರಿ, ಅದರಲ್ಲಿ ಎರಡು ಮಳೆಗೆ ಹೋದರೂ ಎರಡು ಉಳಿಯುತ್ತವೆ.

ದಾನುಮ್: ನಡೆಯುವವರಿಗೆ, ಕಾಯುವವರಿಗೆ

ಲಹಾದ್ ದಾತು ಅನ್ನುವ ಸಪ್ಪೆ ಊರಿನಿಂದ ಎರಡೂವರೆ ಗಂಟೆ. ಹೆಚ್ಚಿನದು ಮಣ್ಣಿನ ರಸ್ತೆ, ಮರದ ಲಾರಿಗಳಿಗೆ ಮಾಡಿದ್ದು. ಕೊನೆಗೆ 438 ಚದರ ಕಿಲೋಮೀಟರ್, ಊರಿಲ್ಲದ, ಹೊಲವಿಲ್ಲದ, ಕೊಡಲಿ ಬೀಳದ ಕಾಡು. ನಮ್ಮ ಘಟ್ಟದ ಸಾಲುಧೂಪದ ಕುಟುಂಬಕ್ಕೆ ಸೇರಿದ ಮರಗಳೇ ಇಲ್ಲಿಯ ರಾಜರು, ಆದರೆ ಗಾತ್ರ ಬೇರೆ. ಈ ಕಣಿವೆಯಲ್ಲೇ ಒಂದು ಮರ 100.8 ಮೀಟರ್ ಇದೆ ಅಂತ 2019ರಲ್ಲಿ ಅಳೆದು ಹೇಳಿದರು. ಹೆಸರು ಮೆನಾರ, ಮಲಯದಲ್ಲಿ ಗೋಪುರ ಅಂತ. ಗೋಲಗುಂಬಜಿನ ಮೇಲೆ ಇನ್ನೊಂದು ಗೋಲಗುಂಬಜ್ ಇಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ.

ಉಳಿಯಲು ಎರಡೇ ಕಡೆ ಅಂದುಕೊಳ್ಳಿ. ಬೋರ್ನಿಯೋ ರೇನ್‌ಫಾರೆಸ್ಟ್ ಲಾಡ್ಜ್ ಐಷಾರಾಮಿ. ಒಳ್ಳೆಯ ಗೈಡು, ತೂಗುಸೇತುವೆ, ಊಟ, ರಾತ್ರಿ ಜೀಪು ಎಲ್ಲ ಸೇರಿದ ಬೆಲೆ. ಅದರ ಒಂದು ರಾತ್ರಿಯ ದುಡ್ಡಿನಲ್ಲಿ ಕಿನಬತಾಂಗನ್‌ನಲ್ಲಿ ಮೂರ್ನಾಲ್ಕು ರಾತ್ರಿ ಕಳೆಯಬಹುದು. ಇನ್ನೊಂದು ದಾನುಮ್ ವ್ಯಾಲಿ ಫೀಲ್ಡ್ ಸೆಂಟರ್, 1986ರಲ್ಲಿ ಸಂಶೋಧನೆಗೆ ಅಂತ ಶುರುವಾದದ್ದು. ಹಾಸ್ಟೆಲ್ ಥರ ಇದೆ. ಎಲ್ಲ ನಾವೇ ಕೇಳಿ ಮಾಡಿಸಿಕೊಳ್ಳಬೇಕು, ಗೈಡೂ ಬೇರೆ, ರಾತ್ರಿ ಜೀಪೂ ಬೇರೆ. ನಾವು ಇದ್ದದ್ದು ಇಲ್ಲಿ. ಊಟದ ಮೇಜಿನಲ್ಲಿ ಪಕ್ಕಕ್ಕೆ ಕೂತವನು ಮೂರು ತಿಂಗಳಿಂದ ಇರುವೆ ಎಣಿಸುತ್ತಿದ್ದ ವಿದ್ಯಾರ್ಥಿ. ಅಂಥವರ ಜೊತೆ ಅರ್ಧ ಗಂಟೆ ಮಾತಾಡಿದರೆ ಯಾವ ಲಾಡ್ಜಿನ ಸ್ಲೈಡ್ ಶೋನೂ ಬೇಡ.

ಈಗ ಸತ್ಯ ಹೇಳುತ್ತೇನೆ. ನಾಲ್ಕು ದಿನ ಇದ್ದೆವು. ಒರಾಂಗುಟಾನ್ ಕಂಡದ್ದು ಒಂದೇ ಸಲ, ಅದೂ ಮೂರನೇ ದಿನ. ಅದಕ್ಕೆ ಮೊದಲು ಎರಡು ದಿನ ಕಂಡದ್ದು ಅದರ ಗೂಡುಗಳನ್ನು. ಅದು ದಿನಾ ಸಂಜೆ ಹೊಸ ಗೂಡು ಕಟ್ಟುತ್ತದೆ, ಕೊಂಬೆ ಬಗ್ಗಿಸಿ, ಎಲೆ ಹಾಸಿ. ಗೂಡಿನ ಎಲೆ ಕಂದಾಗಿದ್ದರೆ ಹಳೆಯದು, ಹಸಿರಾಗಿದ್ದರೆ ನಿನ್ನೆ ಮೊನ್ನೆಯದು. ಮೂರನೇ ದಿನ ಹಸಿರು ಗೂಡು ಸಿಕ್ಕಿತು. ಗೈಡು ಅಲ್ಲೇ ಹತ್ತಿರ ಹಣ್ಣು ಬಿಟ್ಟ ಅತ್ತಿ ಜಾತಿಯ ಮರ ಒಂದಿದೆ ಅಂತ ಹೇಳಿ ಅದರ ಕೆಳಗೆ ಕೂರಿಸಿದ. ಒಂದೂವರೆ ಗಂಟೆ. ಮೊದಲು ಹಣ್ಣಿನ ಚೂರು ಎಲೆ ಮೇಲೆ ಟಪ್ ಟಪ್ ಅಂತ ಬಿದ್ದವು, ಆಮೇಲೆ ಕೆಂಪು ಕೂದಲಿನ ಒಂದು ತೋಳು ಕಂಡಿತು. ಬರೀ ತೋಳು. ಮುಖ ಕಾಣಲು ಇನ್ನೂ ಇಪ್ಪತ್ತು ನಿಮಿಷ. ಅದು ನಮ್ಮನ್ನು ನೋಡಿತು, ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ತಿನ್ನುತ್ತಾ ಹೋಯಿತು. ಅದರ ಫೋಟೋ ನನ್ನ ಹತ್ತಿರ ಇದೆ, ತೋರಿಸಿದವರೆಲ್ಲ "ಎಲ್ಲಿದೆ?" ಅಂತ ಕೇಳುತ್ತಾರೆ. ಸೆಪಿಲೋಕ್‌ನ ಫೋಟೋ ಎಷ್ಟೋ ಚೆನ್ನಾಗಿದೆ. ಆದರೂ ಈ ಮಸುಕು ಫೋಟೋವನ್ನೇ ಫೋನಿನ ಪರದೆಗೆ ಹಾಕಿಕೊಂಡಿದ್ದೇನೆ.

ರಾತ್ರಿ ಜೀಪಿನ ಮೇಲೆ ಕೂತು ಟಾರ್ಚ್ ಬಿಟ್ಟುಕೊಂಡು ಹೋಗುತ್ತಾರೆ. ಪುನುಗು ಬೆಕ್ಕು, ಬರಿಂಕದ ಜಾತಿಯ ಸಣ್ಣ ಜಿಂಕೆ, ಹಾರುಬೆಕ್ಕು, ನಮ್ಮ ಕಾಡುಪಾಪದ ದಪ್ಪ ನೆಂಟ ಸ್ಲೋ ಲೋರಿಸ್ ಸಿಕ್ಕವು. ಹಗಲಲ್ಲಿ ಹಾರುವ ಓತಿ, ಬಾಲವಿಲ್ಲದ ಉದ್ದ ತೋಳಿನ ಗಿಬ್ಬನ್ ವಾನರ. ಗಿಬ್ಬನ್ ಕಾಣುವುದಕ್ಕಿಂತ ಕೇಳುವುದು ಜಾಸ್ತಿ, ಬೆಳಗಿನ ಆರಕ್ಕೆ ಕಣಿವೆ ತುಂಬ ಏರುತ್ತಾ ಹೋಗುವ ಕೂಗು.

ಮತ್ತೆ ಇಂಬಳ. ಮಲೆನಾಡಿನವನು, ಇಂಬಳ ನನಗೇನು ಹೊಸದಾ ಅಂತ ಹೋಗಿದ್ದೆ. ಅಮ್ಮ ಸುಣ್ಣ ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದರು. ಕಂದು ಇಂಬಳ ನಮ್ಮದರ ಹಾಗೇ, ನೆಲದಿಂದ ಹತ್ತುತ್ತದೆ, ಕಚ್ಚಿದ್ದು ಗೊತ್ತಾಗುವುದಿಲ್ಲ. ಇನ್ನೊಂದಿದೆ, ಹುಲಿ ಇಂಬಳ ಅನ್ನುತ್ತಾರೆ, ಪಟ್ಟೆ ಇರುವಂಥದ್ದು. ಅದು ಸೊಂಟದೆತ್ತರದ ಎಲೆಯ ತುದಿಯಲ್ಲಿ ಕಾಯುತ್ತಾ ಇರುತ್ತದೆ, ಕಚ್ಚಿದರೆ ಚುರ್ ಅನ್ನುತ್ತದೆ. ನನಗೆ ಕಂಕುಳಲ್ಲಿ. ಬೋರ್ನಿಯೋದಲ್ಲಿ ಹುಲಿ ಸಿಕ್ತಾ ಅಂತ ಕೇಳುವವರಿಗೆ ಈಗ ಇದನ್ನೇ ಹೇಳುತ್ತೇನೆ. ಒತ್ತಾಗಿ ನೇಯ್ದ ಬಟ್ಟೆಯ ಇಂಬಳದ ಕಾಲುಚೀಲ ಸಿಗುತ್ತದೆ, ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಎಳೆದು ಕಟ್ಟಿಕೊಳ್ಳುವುದು, ತಪ್ಪದೆ ಕೊಳ್ಳಿ. ಸುಣ್ಣ ಹೊಗೆಸೊಪ್ಪೂ ಕೆಲಸ ಮಾಡಿತು. ಗೈಡು ಒಂದು ಚೂರು ಇಸ್ಕೊಂಡ.

ಮಂಡಿ ನೋವಿನವರು, ಆರೇಳು ವರ್ಷದ ಮಕ್ಕಳು, "ಏನೂ ಕಾಣ್ತಿಲ್ಲ" ಅಂತ ಹತ್ತು ನಿಮಿಷಕ್ಕೊಮ್ಮೆ ಹೇಳುವ ಭಾವಮೈದುನ, ಇವರನ್ನೆಲ್ಲ ದಾನುಮ್‌ಗೆ ಕರೆದುಕೊಂಡು ಹೋಗಬೇಡಿ. ಕಿನಬತಾಂಗನ್ ಅವರಿಗೆ ಸರಿ.

ಅದೇ ಕಡೆ ತಬಿನ್ ಅನ್ನುವ ಅಭಯಾರಣ್ಯ ಇದೆ, ಕೆಸರಿನ ಬುಗ್ಗೆಗೆ ಉಪ್ಪು ನೆಕ್ಕಲು ಪ್ರಾಣಿಗಳು ಬರುತ್ತವೆ. ದಾನುಮ್‌ನಲ್ಲಿ ಜಾಗ ಸಿಗದಿದ್ದರೆ ನೋಡಬಹುದು. ಸುಮಾತ್ರಾ ಘೇಂಡಾಮೃಗ ಇದೆಯಂತೆ ಅಂತ ಹಳೇ ಲೇಖನ ಓದಿ ಹೋಗಬೇಡಿ, ಮಲೇಷ್ಯಾದ ಕೊನೆಯದು 2019ರ ನವೆಂಬರ್‌ನಲ್ಲಿ ತೀರಿಕೊಂಡಿತು. ಮೋಡ ಚಿರತೆಯ ಹುಚ್ಚು ಇದ್ದವರು ಮಾತ್ರ ಸಬಾದ ಇನ್ನೊಂದು ಕಾಡು ದೆರಮಕೋಟ್‌ಗೆ ಹೋಗುತ್ತಾರೆ. ರಾತ್ರಿಯೆಲ್ಲ ಜೀಪಿನಲ್ಲಿ, ಹಗಲೆಲ್ಲ ನಿದ್ದೆ.

ಸರವಾಕ್: ಕಮ್ಮಿ ಖರ್ಚು, ಕಮ್ಮಿ ದಿನ

ಐದೇ ದಿನ ರಜೆ, ಜೇಬೂ ಅಷ್ಟಕ್ಕಷ್ಟೇ ಅಂದರೆ ಸಬಾ ಬಿಟ್ಟು ಸರವಾಕ್‌ನ ಕುಚಿಂಗ್‌ಗೆ ಹೋಗಿ. ಊರು ಚೆಂದ, ನದಿ ದಡದಲ್ಲಿ ಸಂಜೆ ಅಡ್ಡಾಡಬಹುದು, ಎಲ್ಲ ಹತ್ತಿರ. ಸೆಮೆಂಗೊ ಅನ್ನುವಲ್ಲಿ ಸೆಪಿಲೋಕ್ ಥರದ್ದೇ ಒರಾಂಗುಟಾನ್ ಕೇಂದ್ರ ಇದೆ, ಸಿಟಿಯಿಂದ ಅರ್ಧ ಮುಕ್ಕಾಲು ಗಂಟೆ. ಅದಕ್ಕಿಂತ ಮುಖ್ಯ ಬಾಕೋ. 1957ರಲ್ಲಿ ಶುರುವಾದ, ಸರವಾಕ್‌ನ ಮೊದಲ ರಾಷ್ಟ್ರೀಯ ಉದ್ಯಾನ. ಬರೀ 27 ಚದರ ಕಿಲೋಮೀಟರ್, ಅಷ್ಟರಲ್ಲೇ ಸಮುದ್ರ, ಮ್ಯಾಂಗ್ರೋವ್, ಕಲ್ಲುಬಂಡೆ, ಹುಳ ಹಿಡಿಯುವ ಹೂಜಿ ಗಿಡ, ಉದ್ದ ಮೂಗಿನ ಕೋತಿ, ಗಡ್ಡದ ಹಂದಿ. ಹೋಗುವುದು ಸಣ್ಣ ದೋಣಿಯಲ್ಲಿ, ಸಮುದ್ರದ ಉಬ್ಬರ ಇಳಿತ ನೋಡಿಕೊಂಡು. ಇಳಿತದಲ್ಲಿ ಹೋದರೆ ಮೊಣಕಾಲುದ್ದ ನೀರಿನಲ್ಲಿ ನಡೆಯಬೇಕು.

ಬಾಕೋಗೆ ಬೆಳಿಗ್ಗೆ ಹೋಗಿ ಸಂಜೆ ಬರುವವರೇ ಜಾಸ್ತಿ. ಹಾಗೆ ಮಾಡಬೇಡಿ, ಒಂದು ರಾತ್ರಿ ಅಲ್ಲೇ ಹಾಸ್ಟೆಲ್‌ನಲ್ಲಿ ಇರಿ. ದಿನದ ಜನ ಖಾಲಿಯಾದ ಮೇಲೆ ಕೋತಿಗಳು ಮನೆಗಳ ಹತ್ತಿರವೇ ಬರುತ್ತವೆ. ಆದರೆ ತಿಂಡಿ ಹುಷಾರು. ಉದ್ದ ಮೂಗಿನದು ಪಾಪ, ಮುಟ್ಟುವುದಿಲ್ಲ. ಉದ್ದ ಬಾಲದ ಕಪಿಗಳಿವೆ ನೋಡಿ, ಅವು ನಮ್ಮ ಚಾಮುಂಡಿ ಬೆಟ್ಟದ ಮಂಗಗಳಿಗೆ ಪಾಠ ಹೇಳುತ್ತವೆ. ನನ್ನ ಕೈಯಲ್ಲಿದ್ದ ಬಿಸ್ಕತ್ ಪೊಟ್ಟಣ ಹೋಯಿತು, ಜೊತೆಗೆ ಕನ್ನಡಕದ ಡಬ್ಬಿ.

ಮುಲು ಬೇರೆಯೇ ಥರ. ಅದು ಗುಹೆಗಳ ಜಾಗ, 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಸಣ್ಣ ವಿಮಾನದಲ್ಲಿ ಹೋಗಬೇಕು. ಡೀರ್ ಕೇವ್ ಗುಹೆಯಿಂದ ಮಳೆ ಇಲ್ಲದ ಸಂಜೆ ಲಕ್ಷಾಂತರ ಬಾವಲಿಗಳು ಹೊಗೆಯ ಸುರುಳಿಯ ಹಾಗೆ ಹೊರಡುತ್ತವೆ. ದೊಡ್ಡ ಪ್ರಾಣಿ ನೋಡುವ ಆಸೆಗೆ ಇದಲ್ಲ. ಗುಹೆ, ಸುಣ್ಣದ ಕಲ್ಲು ಇಷ್ಟಪಡುವವರಿಗೆ ಇದರ ಮುಂದೆ ಇನ್ನೊಂದಿಲ್ಲ.

ಕಾಲಿಮಂತನ್: ದೋಣಿಯೇ ಮನೆ

ಇಂಡೋನೇಷ್ಯಾದ ತಂಜುಂಗ್ ಪುಟಿಂಗ್‌ಗೆ ನಾನು ಹೋಗಿಲ್ಲ, ನನ್ನ ಗೆಳೆಯ ಹೋಗಿದ್ದಾನೆ, ಅವನ ಮಾತು ಇದು. ಕುಮಾಯ್ ಬಂದರಿನಲ್ಲಿ ಕ್ಲೋಟೋಕ್ ಅನ್ನುವ ಮರದ ದೋಣಿ ಹತ್ತುತ್ತೀರಿ, ಮೂರು ದಿನ ಅದರಲ್ಲೇ ಊಟ, ಅದರಲ್ಲೇ ನಿದ್ದೆ, ಮೇಲಿನ ಅಟ್ಟದಲ್ಲಿ ಸೊಳ್ಳೆಪರದೆ ಕಟ್ಟಿಕೊಂಡು. ಸೆಕೋನ್ಯೆರ್ ನದಿಯಲ್ಲಿ ಮೇಲಕ್ಕೆ ಹೋಗುತ್ತಾ ಅಲ್ಲಲ್ಲಿ ಇಳಿದು ಒರಾಂಗುಟಾನ್ ನೋಡುವುದು. ಕೊನೆಯದು ಕ್ಯಾಂಪ್ ಲೀಕಿ, ಬಿರುಟೆ ಗಾಲ್ಡಿಕಾಸ್ ಅನ್ನುವ ವಿಜ್ಞಾನಿ 1971ರಲ್ಲಿ ಒರಾಂಗುಟಾನ್ ಅಧ್ಯಯನ ಶುರು ಮಾಡಿದ ಜಾಗ. ಅಲ್ಲೂ ಅಟ್ಟಣಿಗೆಯ ಮೇಲೆ ಹಣ್ಣು ಇಡುತ್ತಾರೆ. ಅಂದರೆ ಸೆಪಿಲೋಕ್‌ನ ಖಾತ್ರಿ, ಕಿನಬತಾಂಗನ್‌ನ ದೋಣಿ ಎರಡೂ ಸೇರಿದ ಹಾಗೆ. ದೋಣಿ ನಿಮ್ಮದೇ, ಅಡುಗೆಯವರೂ ಜೊತೆಗೇ, ಆದ್ದರಿಂದ ಒಂದು ಕುಟುಂಬ ಪೂರ್ತಿ ಹೋಗುವುದಾದರೆ ಇದಕ್ಕಿಂತ ಹಾಯಾದದ್ದು ಇಲ್ಲ ಅನ್ನುತ್ತಾನೆ.

ತೊಂದರೆ ಏನೆಂದರೆ ದಾರಿ. ಜಕಾರ್ತಾ ಅಥವಾ ಸುರಬಾಯಾ ಮೂಲಕ ಪಂಕಲನ್ ಬುನ್‌ಗೆ ಹಾರಬೇಕು, ಸಬಾ ಜೊತೆ ಸೇರಿಸಿ ಒಂದೇ ಟ್ರಿಪ್ ಮಾಡುತ್ತೇನೆ ಅನ್ನುವುದನ್ನು ಮರೆತುಬಿಡಿ. ಒಣ ತಿಂಗಳುಗಳ ಕೊನೆಗೆ, ಆಗಸ್ಟ್‌ನಿಂದ ಅಕ್ಟೋಬರ್ ಕಡೆ, ಕೆಲವು ವರ್ಷ ಕಾಡ್ಗಿಚ್ಚಿನ ಹೊಗೆ ಕವಿಯುತ್ತದೆ. 2015 ಮತ್ತು 2019ರಲ್ಲಿ ಬಹಳ ಕೆಟ್ಟದಾಗಿತ್ತು.

ಮಳೆ, ಊಟ, ದುಡ್ಡು

ಮಳೆ ಎಲ್ಲ ತಿಂಗಳೂ ಬರುತ್ತದೆ, ಇಲ್ಲದಿದ್ದರೆ ಅದು ಮಳೆಕಾಡು ಹೇಗಾಗುತ್ತದೆ. ಪೂರ್ವ ಸಬಾಕ್ಕೆ ಮಾರ್ಚ್‌ನಿಂದ ಅಕ್ಟೋಬರ್ ವಾಸಿ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಕಿನಬತಾಂಗನ್ ಉಕ್ಕಿ ಹರಿಯಬಹುದು. ಬಾಕೋಗೂ ಡಿಸೆಂಬರ್, ಜನವರಿ ಬೇಡ, ಸಮುದ್ರ ಒರಟು. ನಮ್ಮ ಮಕ್ಕಳ ಬೇಸಿಗೆ ರಜೆ ಹಾಗಾಗಿ ಸರಿಯಾಗಿ ಹೊಂದುತ್ತದೆ. ಕ್ರಿಸ್ಮಸ್ ರಜೆ ಹೊಂದುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಅನ್ನ, ಸೊಪ್ಪಿನ ಪಲ್ಯ ಎಲ್ಲ ಕಡೆ ಸಿಗುತ್ತದೆ. ಆದರೆ ಆ ಸೊಪ್ಪಿನಲ್ಲಿ, ಸಂಬಾಲ್ ಚಟ್ನಿಯಲ್ಲಿ ಬೆಲಾಚಾನ್ ಹಾಕಿರುತ್ತಾರೆ, ಅಂದರೆ ಸಿಗಡಿಯ ಒಣ ಪೇಸ್ಟು. "ವೆಜಿಟೇರಿಯನ್" ಅಂದರೆ ಮಾಂಸ ಇಲ್ಲ ಅಂತ ಅವರ ಲೆಕ್ಕ, ಬೆಲಾಚಾನ್ ಮಾಂಸ ಅಲ್ಲ. ನನ್ನ ಹೆಂಡತಿ ಮೊದಲ ರಾತ್ರಿ ಎರಡು ಸಲ ಹಾಕಿಸಿಕೊಂಡು ತಿಂದ ಮೇಲೆ ಗೊತ್ತಾಯಿತು. "ತಕ್ ಮಾವು ಬೆಲಾಚಾನ್" ಅಂತ ಹೆಸರು ಹೇಳಿಯೇ ಬೇಡ ಅನ್ನಿ. ಅಮ್ಮ ಚಟ್ನಿಪುಡಿ, ಅವಲಕ್ಕಿ ತಂದಿದ್ದರು, ಬಚಾವಾದೆವು.

ಮಂಗನ ಕಾಯಿಲೆಯ ಸೀಮೆಯವನಾದ ನನಗೆ ಅಲ್ಲಿ ಕೇಳಿದ ಇನ್ನೊಂದು ಸುದ್ದಿ, ಕೋತಿಗಳಲ್ಲಿರುವ ಮಲೇರಿಯಾ ಸೊಳ್ಳೆಯಿಂದ ಮನುಷ್ಯರಿಗೂ ಬರುತ್ತದೆ ಅಂತ. ಹೋಗುವ ಮೊದಲು ವೈದ್ಯರನ್ನು ಕೇಳಿ, ತೋಳು ಮುಚ್ಚುವ ಬಟ್ಟೆ ಇಟ್ಟುಕೊಳ್ಳಿ.

ವೀಸಾ ವಿಷಯ: 2023ರ ಡಿಸೆಂಬರ್‌ನಿಂದ ಮಲೇಷ್ಯಾ ನಮ್ಮವರನ್ನು 30 ದಿನಕ್ಕೆ ವೀಸಾ ಇಲ್ಲದೆ ಬಿಡುತ್ತಿದೆ, ಆದರೆ ಇದು ಅವಧಿ ಹಾಕಿ ಕೊಟ್ಟ ಸೌಲಭ್ಯ, ಟಿಕೆಟ್ ಮಾಡುವ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಹೊರಡುವ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನದ ಕಾರ್ಡ್ ತುಂಬಬೇಕು. ಸಬಾ, ಸರವಾಕ್ ಎರಡಕ್ಕೂ ಪ್ರತ್ಯೇಕ ವಲಸೆ ತಪಾಸಣೆ ಇದೆ, ದೇಶದೊಳಗಿನ ವಿಮಾನ ಅಂತ ಪಾಸ್‌ಪೋರ್ಟ್ ಸೂಟ್‌ಕೇಸಿಗೆ ಹಾಕಿಬಿಡಬೇಡಿ.

ದುಡ್ಡಿನ ಲೆಕ್ಕಕ್ಕೆ ಮಲೇಷ್ಯಾದ ಒಂದು ರಿಂಗಿಟ್‌ಗೆ 20 ರೂಪಾಯಿ ಚಿಲ್ಲರೆ ಅಂತ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಅಗ್ಗ ಕುಚಿಂಗ್–ಬಾಕೋ, ಆಮೇಲೆ ಸೆಪಿಲೋಕ್ ಮತ್ತು ಬಾತು ಪುತೆ, ಆಮೇಲೆ ಸುಕಾವ್‌ನ ಲಾಡ್ಜ್‌ಗಳು, ಆಮೇಲೆ ಫೀಲ್ಡ್ ಸೆಂಟರ್. ರೇನ್‌ಫಾರೆಸ್ಟ್ ಲಾಡ್ಜ್ ಅನ್ನು ಈ ಸಾಲಿನಲ್ಲಿ ಸೇರಿಸುವುದೇ ಬೇಡ.

ಈಗ ಯಾರಾದರೂ ನನ್ನನ್ನು ಕೇಳಿದರೆ ಎಂಟು ದಿನಕ್ಕೆ ಹೇಳುವುದು ಇಷ್ಟು. ಸೆಪಿಲೋಕ್ ಒಂದು ರಾತ್ರಿ, ಕಿನಬತಾಂಗನ್ ಎರಡು, ದಾನುಮ್ ಮೂರು, ಉಳಿದದ್ದು ಪ್ರಯಾಣಕ್ಕೆ. ದಾನುಮ್ ಬೇಡ ಅನ್ನುವವರು ಆ ಮೂರನ್ನು ಕಿನಬತಾಂಗನ್‌ಗೆ ಒಂದು, ಸಂಡಾಕನ್ ಎದುರಿನ ಸೆಲಿಂಗಾನ್ ದ್ವೀಪಕ್ಕೆ ಒಂದು ಅಂತ ಹಂಚಿ. ಅಲ್ಲಿ ರಾತ್ರಿ ಕಡಲಾಮೆ ಮೊಟ್ಟೆ ಇಡಲು ದಡಕ್ಕೆ ಬರುತ್ತದೆ. ಉಳಿದ ಒಂದು ದಿನ ಸುಮ್ನೆ ಎಲ್ಲಾದರೂ ಕೂತಿರಿ.

ಬುಕ್ ಮಾಡುವಾಗ ಮಾತ್ರ ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲು ದಾನುಮ್ ಫೀಲ್ಡ್ ಸೆಂಟರ್‌ಗೆ ಬರೆದು ಹಾಸಿಗೆ ಇದೆಯಾ, ಲಹಾದ್ ದಾತುವಿನಿಂದ ಅವರ ವ್ಯಾನ್ ಯಾವ ದಿನ ಹೊರಡುತ್ತದೆ ಅಂತ ಕೇಳಿ. ಅದು ದಿನಾ ಹೋಗುವುದಿಲ್ಲ. ಅವರು ದಿನಾಂಕ ಹೇಳಿದ ಮೇಲೆ ನದಿ, ನದಿಯಾದ ಮೇಲೆ ಸೆಪಿಲೋಕ್, ಎಲ್ಲಕ್ಕಿಂತ ಕೊನೆಗೆ ವಿಮಾನದ ಟಿಕೆಟ್. ನಾನು ಎರಡನೇ ಸಲವೂ ಇದನ್ನು ಉಲ್ಟಾ ಮಾಡಿ, ಲಹಾದ್ ದಾತುವಿನಲ್ಲಿ ಪೂರಾ ಒಂದೂವರೆ ದಿನ ಟೀ ಕುಡಿಯುತ್ತಾ ವ್ಯಾನ್ ಕಾದಿದ್ದೇನೆ.